ಅಗ್ಗದ ರಾಕ್ಷಸ ಪ್ರಾಣಿ ಹೆದರಿಸುವುದು ಯಾವಾಗ, ನಗಿಸುವುದು ಯಾವಾಗ?

ಪ್ರಶ್ನೆ: ನಾವು ಶಿವಮೊಗ್ಗದ ಐದು ಜನ ಗೆಳೆಯರು. ಕೆರೆಯಿಂದ ಎದ್ದುಬರುವ ಪ್ರಾಣಿಯೊಂದರ ಬಗ್ಗೆ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಕೈಯಲ್ಲಿ ದುಡ್ಡು ಕಡಿಮೆ. ಅದಕ್ಕಾಗಿ 1950ರಿಂದ 1980ರವರೆಗಿನ ಅಮೆರಿಕದ ಅಗ್ಗದ ಕ್ರೀಚರ್ ಸಿನಿಮಾಗಳನ್ನು ಹುಡುಕಿ ನೋಡುತ್ತಿದ್ದೇವೆ. ಕೆಲವು ಚಿತ್ರಗಳಲ್ಲಿ ರಬ್ಬರ್ ಅಂತ ಗೊತ್ತಿದ್ದರೂ ಮೈ ಜುಮ್ಮೆನ್ನುತ್ತದೆ. ಇನ್ನು ಕೆಲವದರಲ್ಲಿ ಪ್ರಾಣಿ ಕಾಣಿಸಿದ ಕೂಡಲೇ ನಗು ಬರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ನಾವು ನಟರು ತೊಡುವ ಪೂರ್ತಿ ಪ್ರಾಣಿ ಸೂಟ್ ಮಾಡಬೇಕೇ, ಬೊಂಬೆ ಸಾಕೇ, ಇಲ್ಲಾ ಕಂಪ್ಯೂಟರ್ ಗ್ರಾಫಿಕ್ಸ್ ವಾಸಿಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇವೆ. ಒಂದು ತಲೆ, ಎರಡು ಕೈ, ಸೊಂಟದವರೆಗಿನ ಮೈ, ಇಷ್ಟನ್ನು ಮನಸ್ಸಿಟ್ಟು ಮಾಡಿ. ಇಡೀ ದೇಹ ಕಾಣಲೇಬೇಕಾದ ಮೂರು ನಾಲ್ಕು ಶಾಟ್‌ಗಳಿಗೆ ಕಾಲಿನ ಭಾಗವನ್ನು ಒರಟಾಗಿ ಮಾಡಿಕೊಂಡರೂ ನಡೆಯುತ್ತದೆ. ಕಂಪ್ಯೂಟರನ್ನು ಕಡ್ಡಿ, ತಂತಿ ಅಳಿಸಲು ಇಟ್ಟುಕೊಳ್ಳಿ. ಪ್ರಾಣಿಯನ್ನೇ ಅದರಲ್ಲಿ ಹುಟ್ಟಿಸಲು ಹೋಗಬೇಡಿ. ಇನ್ನು ನಗುವಿನ ಮಾತು. ನೀವು ನೋಡಿದ ಚಿತ್ರಗಳಲ್ಲಿ ನಗು ತರಿಸುವವೂ ಹೆದರಿಸುವವೂ ಹೆಚ್ಚುಕಡಿಮೆ ಒಂದೇ ಖರ್ಚಿನಲ್ಲಿ ಆದವು. ಯಾವ ಶಾಟ್‌ನಲ್ಲಿ ಏನು ಕಾಣಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಅದಕ್ಕೆ ತಕ್ಕಂತೆ ಪ್ರಾಣಿಯನ್ನು ಕಟ್ಟಿದ ಕಡೆ ಅದು ನಂಬಿಸಿತು. ಪ್ರಾಣಿಯನ್ನು ಕಟ್ಟಿಟ್ಟು ಆಮೇಲೆ ಕ್ಯಾಮೆರಾ ಎಲ್ಲಿಡೋಣ ಎಂದು ಯೋಚಿಸಿದ ಕಡೆ ಕೈಕೊಟ್ಟಿತು.

ಆ ಪ್ರಾಣಿಗಳು ಹಾಗೇಕೆ ಇದ್ದವು ಎಂಬುದಕ್ಕೆ ವ್ಯಾಪಾರದ ಕಾರಣವಿದೆ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಅವು ಸಣ್ಣ ಚಿತ್ರಗಳನ್ನು ತೆಗೆಯುವುದು ಕಡಿಮೆಯಾಯಿತು. ಅದೇ ಹೊತ್ತಿಗೆ ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್ ಚಿತ್ರಮಂದಿರಗಳು ಬೆಳೆದು 1950ರ ದಶಕದ ಕೊನೆಗೆ ನಾಲ್ಕು ಸಾವಿರ ದಾಟಿದ್ದವು. ಅವಕ್ಕೆ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸಲು ಸರಕು ಬೇಕಿತ್ತು. ನೋಡಲು ಬರುತ್ತಿದ್ದವರಲ್ಲಿ ಹದಿಹರೆಯದವರೇ ಜಾಸ್ತಿ. ಈ ಖಾಲಿ ಜಾಗಕ್ಕೆ ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಕಟ್ಟಿದ ಕಂಪನಿ ನುಗ್ಗಿತು. 1956ರಲ್ಲಿ ಅದರ ಹೆಸರು ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದಾಯಿತು. ಅಲ್ಲಿನ ಪದ್ಧತಿ ಹೀಗಿತ್ತು: ನಿಕೋಲ್ಸನ್ ಮೊದಲು ಒಂದು ಹೆಸರು ಹುಟ್ಟಿಸುವುದು, ಕಲಾವಿದ ಆಲ್ಬರ್ಟ್ ಕಾಲಿಸ್ ಪೋಸ್ಟರ್ ಬರೆಯುವುದು, ಚಿತ್ರಮಂದಿರದವರು ಒಪ್ಪಿದರೆ ಆಮೇಲೆ ಕಥೆ ಬರೆಸುವುದು.

ಅಂದರೆ ಪೋಸ್ಟರಿನಲ್ಲಿರುವ ಪ್ರಾಣಿಗೆ ಮಿತಿಯಿಲ್ಲ, ಕಟ್ಟುವವನ ಕೈಯಲ್ಲಿ ಮಾತ್ರ ಕೆಲವು ನೂರು ಡಾಲರ್. 1955ರ ‘ದ ಬೀಸ್ಟ್ ವಿತ್ ಎ ಮಿಲಿಯನ್ ಐಸ್’ ಚಿತ್ರದ ಹೆಸರೇ ಲಕ್ಷಗಟ್ಟಲೆ ಕಣ್ಣುಗಳ ಮೃಗವನ್ನು ತೋರಿಸುತ್ತೇವೆ ಎನ್ನುತ್ತದೆ. ಚಿತ್ರಕ್ಕೆ ದಕ್ಕಿದ್ದು ಪಾಲ್ ಬ್ಲೇಸ್‌ಡೆಲ್ ಎಂಬ ಕಲಾವಿದ ಮಾಡಿಕೊಟ್ಟ ಒಂದೂವರೆ ಅಡಿಯ ಬೊಂಬೆ. ನಿಮ್ಮ ಚಿತ್ರಕ್ಕೆ ಇಲ್ಲಿಂದಲೇ ಒಂದು ಬುದ್ಧಿ ಸಿಗುತ್ತದೆ: ಚಿತ್ರದಲ್ಲಿ ಇರುವ ಶಾಟ್‌ನಿಂದಲೇ ಪೋಸ್ಟರ್ ಮಾಡಿ.

ಈ ಬ್ಲೇಸ್‌ಡೆಲ್ ಅವರ ಕೆಲಸವನ್ನು ನೀವು ಬಿಡಿಬಿಡಿಯಾಗಿ ನೋಡಬೇಕು. ಅವರು ಅಚ್ಚು ಹಾಕಿ ಓವನ್ನಿನಲ್ಲಿ ಬೇಯಿಸುವ ನೊರೆರಬ್ಬರ್, ಅಂದರೆ ಫೋಮ್ ಲ್ಯಾಟೆಕ್ಸ್‌ಗೆ ಹೋಗಲೇ ಇಲ್ಲ. ಅದಕ್ಕೆ ಬೇಕಾದ ಹಣವೂ ಕಾರ್ಯಾಗಾರವೂ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಇತ್ತು. 1956ರ ‘ದ ಶೀ-ಕ್ರೀಚರ್’ ಚಿತ್ರಕ್ಕೆ ಮೈಗಂಟುವ ಉದ್ದನೆಯ ಒಳಉಡುಪಿನ ಮೇಲೆ ಫೋಮಿನ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸಿ, ಮೇಲೆ ದ್ರವ ಲ್ಯಾಟೆಕ್ಸ್ (ರಬ್ಬರ್ ಹಾಲು) ಬಳಿದು ಸೂಟ್ ಕಟ್ಟಿದರು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರೂಪ ಬದಲಿಸಿಕೊಂಡು ‘ವೂಡೂ ವುಮನ್’ (1957), ‘ಹೌ ಟು ಮೇಕ್ ಎ ಮಾನ್‌ಸ್ಟರ್’ (1958), ‘ಘೋಸ್ಟ್ ಆಫ್ ಡ್ರ್ಯಾಗ್‌ಸ್ಟ್ರಿಪ್ ಹಾಲೋ’ (1959) ಚಿತ್ರಗಳಲ್ಲೂ ದುಡಿಯಿತು. ನೀವು ಮಾಡಬಹುದಾದ ವಿಧಾನವೂ ಇದೇ. ವಿವರ ಮುಂದೆ ಕೊಟ್ಟಿದ್ದೇವೆ.

ಅದೇ ವರ್ಷ ಅದೇ ಕೈಯಿಂದ ಬಂದ ‘ಇಟ್ ಕಾಂಕರ್ಡ್ ದ ವರ್ಲ್ಡ್’ ಚಿತ್ರದ ಶುಕ್ರಗ್ರಹದ ಪ್ರಾಣಿಗೆ ಇಂದಿಗೂ ಜನ ನಗುತ್ತಾರೆ. ನಿರ್ದೇಶಕ ರೋಜರ್ ಕಾರ್ಮನ್ ಅವರ ತರ್ಕ ಹೀಗಿತ್ತು: ಭಾರಿ ಗುರುತ್ವದ ಗ್ರಹದ ಜೀವಿ ಕುಳ್ಳಗೆ, ನೆಲಕ್ಕೆ ಅಂಟಿಕೊಂಡಂತೆ ಇರಬೇಕು. ಶುಕ್ರನ ಗುರುತ್ವ ಭೂಮಿಗಿಂತ ಸ್ವಲ್ಪ ಕಡಿಮೆಯೇ ಆದರೂ, ತರ್ಕವಾಗಿ ಒಪ್ಪಬಹುದಾದ ಮಾತು. ಸೆಟ್‌ನಲ್ಲಿ ನಟಿ ಬೆವರ್ಲಿ ಗಾರ್ಲೆಂಡ್ ಅದರ ಪಕ್ಕ ನಿಂತಾಗ ಪ್ರಾಣಿಯೇ ಗಿಡ್ಡ ಕಾಣಿಸಿತು. ಆಕೆ ಅದನ್ನು ಒದ್ದು ತೋರಿಸಿದರು, ಬ್ಲೇಸ್‌ಡೆಲ್ ಅದರ ಎತ್ತರ ಹೆಚ್ಚಿಸಬೇಕಾಯಿತು. ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಗುಹೆಯ ಮಬ್ಬಿನಲ್ಲಿ ಕೂತಿರಲಿ ಎಂದು ಮಾಡಿದ ಆ ಶಂಕುವಿನಾಕಾರದ ದೇಹವನ್ನು ಕೊನೆಗೆ ಹಗಲು ಬೆಳಕಿಗೆ ತಂದರು. ಕತ್ತಲಲ್ಲಿ ಗಾತ್ರ ತಿಳಿಯದೆ ಹೆದರಿಸಬಹುದಾಗಿದ್ದ ವಸ್ತು ಬಿಸಿಲಲ್ಲಿ ಚಕ್ರದ ಮೇಲೆ ಕೂರಿಸಿದ ಮರದ ಚೌಕಟ್ಟು ಮತ್ತು ಫೋಮ್ ಆಗಿ ಕಾಣಿಸಿತು. ಆದ್ದರಿಂದ ನಿಮ್ಮ ಪ್ರಾಣಿಯನ್ನು ಕಟ್ಟುವ ಮೊದಲು ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿ, ಅತಿ ಎತ್ತರದ ನಟರ ಪಕ್ಕ ನಿಲ್ಲಿಸಿ, ಕ್ಯಾಮೆರಾ ಮೂಲಕ ನೋಡಿ. ಅರ್ಧ ಗಂಟೆಯ ಕೆಲಸ.

1957ರ ‘ದ ಜಯಂಟ್ ಕ್ಲಾ’ದ ಕತೆ ಬೇರೆ. ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್ ಹಕ್ಕಿಯ ಬೊಂಬೆಯನ್ನು ಮೆಕ್ಸಿಕೋದಲ್ಲಿ ಮಾಡಿಸಿದರು. ನಟರು ಅದನ್ನು ನೋಡದೆಯೇ ಗಂಭೀರವಾಗಿ ಅಭಿನಯಿಸಿ ಮುಗಿಸಿದರು. ತೆರೆಯ ಮೇಲೆ ಬಂದದ್ದು ಉದ್ದ ಕತ್ತಿನ, ಗುಡ್ಡೆಗಣ್ಣಿನ ಹಕ್ಕಿ. ನಾಯಕ ಜೆಫ್ ಮಾರೋ ಚಿತ್ರಮಂದಿರದಲ್ಲೇ ಅದನ್ನು ಮೊದಲ ಸಲ ಕಂಡು ಮುಜುಗರಪಟ್ಟರು. ನಟರ ಭಯದ ಪ್ರಮಾಣ ಒಂದು, ಪ್ರಾಣಿಯ ರೂಪ ಇನ್ನೊಂದು ಆದರೆ ನಡುವಿನ ಅಂತರದಲ್ಲಿ ನಗು ಹುಟ್ಟುತ್ತದೆ. ನಿಮ್ಮ ನಟರಿಗೆ ಪ್ರಾಣಿಯ ತಲೆಯನ್ನು ಮೊದಲೇ ತೋರಿಸಿ. ಅದನ್ನು ಕಂಡ ಮೇಲೆ ಅವರು ಎಷ್ಟು ಹೆದರಬಲ್ಲರೋ ಅಷ್ಟೇ ಸಾಕು.

ನಿಮ್ಮದು ಕೆರೆಯ ಪ್ರಾಣಿಯಾದ್ದರಿಂದ ನೀರಿನ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅನೇಕ ಅಗ್ಗದ ಚಿತ್ರಗಳು ಸೋತದ್ದು ಇಲ್ಲೇ.

1957ರ ‘ಅಟ್ಯಾಕ್ ಆಫ್ ದ ಕ್ರ್ಯಾಬ್ ಮಾನ್‌ಸ್ಟರ್ಸ್’ಗೆ ಮಾಡಿದ ದೈತ್ಯ ಏಡಿ ಥರ್ಮಕೋಲಿನದು. ನೀರೊಳಗಿನ ದೃಶ್ಯಗಳನ್ನು ತೆಗೆದ ಲೇಖಕ ಚಾರ್ಲ್ಸ್ ಗ್ರಿಫಿತ್ ಅದನ್ನು ಮುಳುಗಿಸಲು ಕಲ್ಲು, ಕಬ್ಬಿಣ ಹೇರಿ ಹೆಣಗಬೇಕಾಯಿತು. ಲೆಕ್ಕ ಸರಳ. ನೂರು ಲೀಟರ್ ಗಾತ್ರದ ಥರ್ಮಕೋಲ್ ತೂಗುವುದು ಎರಡು ಕಿಲೋ ಆಸುಪಾಸು. ಅದು ಪಕ್ಕಕ್ಕೆ ತಳ್ಳುವ ನೀರು ನೂರು ಕಿಲೋ. ಹಾಗಾಗಿ ತೊಂಬತ್ತೆಂಟು ಕಿಲೋದಷ್ಟು ಬಲ ಅದನ್ನು ಮೇಲಕ್ಕೆ ಒತ್ತುತ್ತಿರುತ್ತದೆ.

ಸೋಫಾ ಕುಶನ್ನಿನ ಫೋಮ್ ಇದಕ್ಕೆ ತದ್ವಿರುದ್ಧ. ಅದರ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ನೀರು ಒಳಗೆ ಹೋಗುತ್ತದೆ. ಮೂರು ಚದರ ಮೀಟರ್ ಫೋಮ್ ಸರಾಸರಿ 10 ಮಿಲಿಮೀಟರ್ ದಪ್ಪ ಇದ್ದರೆ ಅದರ ಗಾತ್ರ ಮೂವತ್ತು ಲೀಟರ್. ನೆನೆದಾಗ ಹತ್ತಿರ ಹತ್ತಿರ ಮೂವತ್ತು ಕಿಲೋ ನೀರು ಹಿಡಿಯುತ್ತದೆ. ನೀರೊಳಗೆ ಈ ಭಾರ ಗೊತ್ತಾಗುವುದಿಲ್ಲ. ದಡಕ್ಕೆ ಎದ್ದು ಬರುವಾಗ ಒಮ್ಮೆಲೇ ಮೈಮೇಲೆ ಬೀಳುತ್ತದೆ, ಮೊಣಕಾಲು ಕುಸಿಯುತ್ತದೆ, ಅಂಟಿನ ಜಾಯಿಂಟುಗಳು ಹರಿಯುತ್ತವೆ. ಅದಕ್ಕೆ ಹಿಮ್ಮಡಿ, ತೊಡೆಯ ಹಿಂಭಾಗ, ಮೊಣಕೈ ಕೆಳಗೆ ಬೆರಳು ತೂರುವಷ್ಟು ತೂತುಗಳನ್ನು ಬಿಡಿ. ಹೊಟ್ಟೆಯ ಮಡಿಕೆಗಳ ಅಡಿಯಲ್ಲಿ ಸೀಳು ಕೊಡಿ.

ಹಾಗಾದರೆ ಯೋಗ ಮ್ಯಾಟಿನಂಥ ನೀರು ಹೀರದ ಹಾಳೆ ಬಳಸಬಹುದಲ್ಲ ಎಂದು ತೋಚುತ್ತದೆ. ತಲೆ, ಭುಜಕ್ಕೆ ಬಳಸಿ. ಕಾಲಿಗೆ ಮಾತ್ರ ಬೇಡವೇ ಬೇಡ. ಒಂದು ಲೀಟರ್ ಹಾಳೆ ಒಂದು ಕಿಲೋದಷ್ಟು ತೇಲಿಸುತ್ತದೆ. ಕಾಲುಗಳು ಮೇಲೆದ್ದು ತಲೆ ಕೆಳಗಾದರೆ, ಮುಖವಾಡ ಹಾಕಿಕೊಂಡವರಿಗೆ ತಾವಾಗಿ ಎದ್ದುಕೊಳ್ಳಲು ಆಗುವುದಿಲ್ಲ. 1954ರ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ ಯೂನಿವರ್ಸಲ್ ಸ್ಟುಡಿಯೋದ ಚಿತ್ರ, ಅಗ್ಗದ್ದಲ್ಲ. ಅಲ್ಲೂ ನೆಲದ ಮೇಲೆ ಬೆನ್ ಚಾಪ್‌ಮನ್, ನೀರಿನಲ್ಲಿ ರಿಕೌ ಬ್ರೌನಿಂಗ್, ಹೀಗೆ ಇಬ್ಬರು ಬೇರೆ ಬೇರೆ ಸೂಟ್ ತೊಟ್ಟರು. ಬ್ರೌನಿಂಗ್ ಫ್ಲಾರಿಡಾದ ವಕುಲ್ಲಾ ಸ್ಪ್ರಿಂಗ್ಸ್‌ನ ತಿಳಿನೀರಿನಲ್ಲಿ, ಶಾಟ್‌ಗಳ ನಡುವೆ ಕೊಳವೆಯಿಂದ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಈಜಿದರು. ಅದು ಪಳಗಿದ ಈಜುಗಾರನ ಕೆಲಸ. ನಿಮ್ಮ ಚಿತ್ರದಲ್ಲಿ ಸೂಟ್ ತೊಟ್ಟವರು ತೊಡೆಮಟ್ಟದ ನೀರಿಗಿಂತ ಆಳಕ್ಕೆ ಇಳಿಯಬಾರದು. ನೀರಿನಿಂದ ತಲೆ ಮೇಲೇಳುವ ಶಾಟ್ ಬೇಕಾದರೆ ಆಳವಿಲ್ಲದ ಕಡೆ ಮಂಡಿಯೂರಿ ಕೂತು ಏಳಲಿ. ಕ್ಯಾಮೆರಾ ನೀರಿನ ಮಟ್ಟಕ್ಕೆ ತಂದರೆ ಆಳ ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ. ಮಲೆನಾಡಿನ ಕಡೆ ಇಲಿಜ್ವರದ ಭಯವೂ ಇದೆ. ಕೈಕಾಲಿನಲ್ಲಿ ಗಾಯ ಇದ್ದವರನ್ನು ನಿಂತ ನೀರಿಗೆ ಇಳಿಸಬೇಡಿ.

ನೀರೊಳಗಿನಿಂದ ಕಾಲನ್ನು ಹಿಡಿದೆಳೆಯುವಂಥ ದೃಶ್ಯಕ್ಕೆ 1978ರ ‘ಪಿರಾನಾ’ ನೋಡಿ. ಕಾರ್ಮನ್ ಅವರ ನ್ಯೂ ವರ್ಲ್ಡ್ ಪಿಕ್ಚರ್ಸ್ ಚಿತ್ರ, ಜೋ ಡಾಂಟೆ ನಿರ್ದೇಶನ. ರಬ್ಬರ್ ಮೀನುಗಳನ್ನು ಕಡ್ಡಿಗೆ ಸಿಕ್ಕಿಸಿ ಕೈಯಿಂದ ಆಡಿಸಿದ್ದಾರೆ. ಒಂದು ಮೀನನ್ನೂ ನೀವು ಸರಿಯಾಗಿ ನೋಡಲಾರಿರಿ. ಗುಳ್ಳೆ, ರಕ್ತದ ಮೋಡ, ಒದ್ದಾಡುವ ಕಾಲು, ಅರೆಕ್ಷಣ ಹಲ್ಲು, ಮತ್ತೆ ಗುಳ್ಳೆ. ಡಾಂಟೆ ಅದಕ್ಕೂ ಮೊದಲು ಅದೇ ಕಂಪನಿಯಲ್ಲಿ ಟ್ರೇಲರ್ ಕತ್ತರಿಸುತ್ತಿದ್ದವರು. ಒಂದು ವಸ್ತುವನ್ನು ಎಷ್ಟು ಫ್ರೇಮ್ ತೋರಿಸಿದರೆ ಸಾಕು ಎಂಬುದು ಅವರ ಕೈಗೆ ಗೊತ್ತಿತ್ತು. ನೀವು ಇದನ್ನು ಸಾವಿರ ಲೀಟರಿನ ತೊಟ್ಟಿಯಲ್ಲಿ ತೆಗೆಯಬಹುದು. ನೀರಿಗೆ ಎರಡು ಹಿಡಿ ಜೇಡಿಮಣ್ಣು ಕದಡಿ, ಒಂದು ಬದಿಯಿಂದ ಅಕ್ವೇರಿಯಂ ಪಂಪಿನ ಕೊಳವೆಯಿಂದ ಗುಳ್ಳೆ ಬಿಡಿ. ಪಂಪು ಮತ್ತು ದೀಪದ ವೈರುಗಳು ತೊಟ್ಟಿಯಿಂದ ದೂರವಿರಲಿ, ದೀಪ ಬ್ಯಾಟರಿಯದ್ದೇ ಆಗಲಿ.

ಈಗ ಶಾಟ್ ಪಟ್ಟಿ. ಇಪ್ಪತ್ತು ನಿಮಿಷದ ಚಿತ್ರದಲ್ಲಿ ಪ್ರಾಣಿ ಕಾಣಿಸುವ ಒಟ್ಟು ಹೊತ್ತು ಎರಡು ನಿಮಿಷ ದಾಟಬಾರದು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಮೂವತ್ತು ಶಾಟ್‌ಗಳಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ: ಯಾವ ಭಾಗ ಕಾಣುತ್ತದೆ, ಬೆಳಕು ಎಲ್ಲಿಂದ, ಎಷ್ಟು ಸೆಕೆಂಡು. ಬರೆದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಹತ್ತು ಹನ್ನೆರಡು ಶಾಟ್ ಬರೀ ಕೈಯದ್ದು. ಆರೇಳು ಶಾಟ್ ತಲೆ, ಭುಜದ ನೆರಳುರೂಪ. ಐದಾರು ಕಣ್ಣು, ಬಾಯಿ. ಪೂರ್ತಿ ಮೈ ನಾಲ್ಕು. ಉಳಿದದ್ದು ನೀರಿನ ಅಲೆ, ಅಲುಗುವ ಜೊಂಡು. ದುಡ್ಡನ್ನೂ ಇದೇ ಅನುಪಾತದಲ್ಲಿ ಹಂಚಿ. ಕೈ ಮೇಲೆ ಹೆಚ್ಚು ದುಡ್ಡು ಹಾಕಿದ ಚಿತ್ರ ಎಂದೂ ಕೆಟ್ಟದಾಗಿ ಕಾಣುವುದಿಲ್ಲ.

ಸೂಟ್ ಮಾಡುವ ಕ್ರಮಕ್ಕೆ ಬರೋಣ. ಅಳತೆಗಾಗಿ, ತೊಡುವವರಿಗೆ ಹಳೆಯ ತುಂಬುತೋಳಿನ ಬಟ್ಟೆ ಹಾಕಿಸಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಪೇಪರ್ ಟೇಪ್ ಅಂಟಿಸಿ. ಪೆನ್ನಿನಿಂದ ಜಾಯಿಂಟಿನ ಗೆರೆ ಎಳೆದು ಕತ್ತರಿಸಿ ಬಿಡಿಸಿದರೆ ದೇಹದ ಪ್ಯಾಟರ್ನ್ ಸಿಗುತ್ತದೆ. ಸುತ್ತಳತೆಗೆ ಐದು ಸೆಂಟಿಮೀಟರ್ ಸಡಿಲ ಸೇರಿಸಿ. ಮರೆತರೆ ಲ್ಯಾಟೆಕ್ಸ್ ಒಣಗಿದ ಮೇಲೆ ಕೈ ಎತ್ತಲು ಬರುವುದಿಲ್ಲ.

ಐದೂವರೆ ಅಡಿಯ ಒಬ್ಬರ ಮೈಗೆ 10 ಮಿಲಿಮೀಟರ್ ದಪ್ಪದ ಫೋಮ್ 6×3 ಅಡಿಯ ಎರಡು ಹಾಳೆ, 25 ಮಿಲಿಮೀಟರ್‌ನದು ಒಂದು ಹಾಳೆ ಬೇಕು. ಕುಶನ್ ಅಂಗಡಿಯಲ್ಲಿ ‘32 ಡೆನ್ಸಿಟಿ’ ಎಂದು ಕೇಳಿ. ಇನ್ನೂ ಹಗುರಾದದ್ದು ಮಡಿಸಿದ ಕಡೆ ಬೇಗ ಪುಡಿಯಾಗುತ್ತದೆ. ಅಂಟು ಒಂದರಿಂದ ಒಂದೂವರೆ ಲೀಟರ್, ಲ್ಯಾಟೆಕ್ಸ್ ನಾಲ್ಕರಿಂದ ಐದು ಲೀಟರ್. ಅಂಟೆಂದರೆ ಸೋಫಾ ಕೆಲಸದವರು ಬಳಸುವ ರಬ್ಬರ್ ಆಧಾರದ್ದು, ಫೆವಿಕಾಲ್ ಎಸ್‌ಆರ್ ಜಾತಿಯದು. ಮರಗೆಲಸದ ಬಿಳಿ ಫೆವಿಕಾಲ್ ಒಣಗಿದಾಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಹತ್ತರಿಂದ ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿಯಿರುವಾಗಲೇ ಒತ್ತಿದರೆ ಒಳಗಿನ ದ್ರಾವಕ ಹೊರಹೋಗದೆ ಜಾಯಿಂಟು ವಾರಗಟ್ಟಲೆ ಮೆತ್ತಗೇ ಉಳಿದು ಚಿತ್ರೀಕರಣದ ದಿನ ಬಿಚ್ಚಿಕೊಳ್ಳುತ್ತದೆ. ಕಿಟಕಿ ಬಾಗಿಲು ತೆಗೆದಿಟ್ಟು ಕೆಲಸ ಮಾಡಿ, ಬೆಂಕಿ ಹತ್ತಿರ ಬೇಡ.

ಸ್ನಾಯು, ಮೂಳೆಯ ಉಬ್ಬುಗಳನ್ನು ದಪ್ಪ ಫೋಮಿನಲ್ಲಿ ದೊಡ್ಡ ಕತ್ತರಿಯಿಂದ ಕೊರೆದು ಅಂಟಿಸಿ. ಮೊಣಕೈ, ಮೊಣಕಾಲು, ಕಂಕುಳಿನಲ್ಲಿ ಫೋಮ್ ತೆಳುವಾಗಿರಲಿ. ಅಲ್ಲಿ ಒಂದರ ಮೇಲೊಂದು ಕೂರುವ ಪಟ್ಟಿಗಳಾಗಿ ಹಾಕಿದರೆ ಮಡಿಸಿದಾಗ ಹರಿಯುವುದಿಲ್ಲ, ನೋಡಲು ಚಿಪ್ಪಿನಂತೆಯೂ ಇರುತ್ತದೆ. ಕಾಸಿದ ತಂತಿಯಿಂದ ಫೋಮ್ ಕತ್ತರಿಸಬೇಡಿ, ಸುಟ್ಟ ಫೋಮಿನ ಹೊಗೆ ವಿಷ.

ಲ್ಯಾಟೆಕ್ಸ್ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಆಸೆ ಸಹಜವಾಗಿ ಹುಟ್ಟುತ್ತದೆ. ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳಿವೆ, ಅಲ್ಲಿಂದಲೇ ಹಾಲು ತಂದುಬಿಡೋಣ ಎಂದು. ತೋಟದ ಹಾಲಿನಲ್ಲಿ ರಬ್ಬರ್ ಅಂಶ ಮೂರನೇ ಒಂದು ಭಾಗದಷ್ಟೇ. ಅಮೋನಿಯಾ ಬೆರೆಸದಿದ್ದರೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಒಣಗಿದ ಪದರವೂ ಜಿಗುಟು, ಎಳೆದರೆ ಹಿಂದಕ್ಕೆ ಬರುವುದಿಲ್ಲ. ನಿಮಗೆ ಬೇಕಾದದ್ದು 60 ಶೇಕಡಾ ಸಾಂದ್ರತೆಯ, ಮೊದಲೇ ವಲ್ಕನೈಸ್ ಮಾಡಿದ (ಎಳೆದರೆ ಹಿಂದಕ್ಕೆ ಬರುವಂತೆ ಹದಗೊಳಿಸಿದ) ಲ್ಯಾಟೆಕ್ಸ್. ಕೈಗವಸು, ಬಲೂನು ಮಾಡುವ ಕಾರ್ಖಾನೆಗಳಿಗೆ ಸರಬರಾಜು ಮಾಡುವವರಲ್ಲಿ ವಿಚಾರಿಸಿ.

ಮೊದಲ ಪದರಕ್ಕೆ ನಾಲ್ಕು ಪಾಲು ಲ್ಯಾಟೆಕ್ಸ್‌ಗೆ ಒಂದು ಪಾಲು ನೀರು ಬೆರೆಸಿ ಸ್ಪಂಜಿನಿಂದ ತಟ್ಟಿ, ಫೋಮಿನೊಳಗೆ ಇಳಿಯಲಿ. ಒಣಗಿದ ಮೇಲೆ ಎರಡನೆಯದು ನೀರು ಬೆರೆಸದೆ. ಅದು ಹಸಿಯಿರುವಾಗಲೇ ಒಂಟಿ ಪದರದ ಟಿಶ್ಯೂ ಪೇಪರ್ ಹಾಸಿ ಬ್ರಷ್ಷಿನಿಂದ ದೂಡಿದರೆ ಕಾಗದ ಸುಕ್ಕುಗಟ್ಟಿ ಚರ್ಮದ ನಿರಿಗೆಗಳಾಗುತ್ತವೆ. ಮೇಲೆ ಇನ್ನೆರಡು ಪದರ. ಬಿಸಿಲು, ಫ್ಯಾನ್ ಇದ್ದರೆ ಒಂದು ಪದರ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾಗಬಹುದು. ಬಿಳಿ ಹೋಗಿ ಹಳದಿ ಛಾಯೆಯ ಪಾರದರ್ಶಕ ಬಣ್ಣ ಬಂದರೆ ಒಣಗಿತೆಂದು ಅರ್ಥ. ಬಿಳಿಯಿರುವಾಗಲೇ ಮುಂದಿನ ಪದರ ಹಚ್ಚಿದರೆ ಒಳಗೆ ನೀರು ಸಿಕ್ಕಿಕೊಂಡು ಕೊಳೆತ ವಾಸನೆ ಬರುತ್ತದೆ. ಕೊನೆಗೆ ಟಾಲ್ಕಂ ಪೌಡರ್ ಸವರಿ. ಇಲ್ಲದಿದ್ದರೆ ಮಡಿಸಿದ ಕಡೆ ಲ್ಯಾಟೆಕ್ಸ್ ತನಗೆ ತಾನೇ ಅಂಟಿಕೊಂಡು ಬಿಡಿಸುವಾಗ ಹರಿಯುತ್ತದೆ. ಬ್ರಷ್ಷನ್ನು ಮೊದಲು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿ. ಆಮೇಲೆ ತೊಳೆಯಲು ಬರುತ್ತದೆ. ಎಣ್ಣೆ, ವ್ಯಾಸಲೀನ್, ತಾಮ್ರದ ತಂತಿ ಇವು ಲ್ಯಾಟೆಕ್ಸನ್ನು ಹಾಳುಮಾಡುತ್ತವೆ. ಒಳಗೆ ತಂತಿ ಬೇಕಾದರೆ ಅಲ್ಯೂಮಿನಿಯಂ ಬಳಸಿ. ತೊಡುವವರ ಮುಂಗೈಗೆ ಹಿಂದಿನ ದಿನವೇ ಒಣಗಿದ ತುಂಡೊಂದನ್ನು ಕಟ್ಟಿ ಅಲರ್ಜಿ ಇದೆಯೇ ನೋಡಿಕೊಳ್ಳಿ. ಹಿಂದೆ ಬಲೂನು, ಕೈಗವಸಿನಿಂದ ತುರಿಕೆಯಾದವರಿದ್ದರೆ ಅವರನ್ನು ಈ ಪಾತ್ರದಿಂದ ಬಿಟ್ಟುಬಿಡಿ.

ಗೋಡೆಗೆ ಹಚ್ಚುವ ಬಣ್ಣವನ್ನು ನೇರ ಬಳಿದರೆ ಮೊದಲ ಹೆಜ್ಜೆಗೇ ಸಿಪ್ಪೆಯಂತೆ ಉದುರುತ್ತದೆ. ನೀರಿನಲ್ಲಿ ಬೆರೆಯುವ ಸ್ಟೇನರನ್ನು (ಬಣ್ಣ ಕೊಡುವ ಸಾಂದ್ರ ದ್ರವ) ಲ್ಯಾಟೆಕ್ಸ್‌ನಲ್ಲೇ ಕಲಸಿ ಹಚ್ಚಿ. ಹಸಿಯಲ್ಲಿ ಕಾಣುವುದಕ್ಕಿಂತ ಒಣಗಿದಾಗ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಒಂದು ತುಂಡಿನ ಮೇಲೆ ಪರೀಕ್ಷಿಸಿ. ಮೊದಲು ಗಾಢ ಬಣ್ಣ ಪೂರ್ತಿ, ಆಮೇಲೆ ಅರೆಒಣ ಬ್ರಷ್ಷಿನಿಂದ ಉಬ್ಬುಗಳ ಮೇಲೆ ಮಾತ್ರ ತಿಳಿ ಬಣ್ಣ. ಮೀನು, ಕಪ್ಪೆಗಳಲ್ಲಿ ಇರುವಂತೆ ಹೊಟ್ಟೆಯ ಭಾಗ ತಿಳಿಯಾಗಿರಲಿ.

ಕಣ್ಣು ಸುಳ್ಳಾದರೆ ಉಳಿದದ್ದೆಲ್ಲ ವ್ಯರ್ಥ. ಪಾರದರ್ಶಕ ಪ್ಲಾಸ್ಟಿಕ್ಕಿನ ಅರ್ಧಗೋಳಕ್ಕೆ ಒಳಗಿನಿಂದ ಬಣ್ಣ ಬಳಿಯಿರಿ, ಹೊರಮೈ ಹೊಳೆಯುತ್ತಿರಲಿ. ಹುಬ್ಬಿನ ಅಡಿಯಲ್ಲಿ ಆಳವಾಗಿ ಕೂರಿಸಿ, ಉಬ್ಬಿದ ಕಣ್ಣು ನಗು ತರಿಸುತ್ತದೆ. ನಟನಿಗೆ ಕಾಣಲು ಬೇಕಾದ ತೂತನ್ನು ಪ್ರಾಣಿಯ ಕಣ್ಣಿನಲ್ಲಿ ಮಾಡದೆ ಬಾಯಿಯಲ್ಲೋ ಕತ್ತಿನ ಕಿವಿರಿನಲ್ಲೋ ಕಪ್ಪು ಸೊಳ್ಳೆಪರದೆ ಬಟ್ಟೆಯ ಹಿಂದೆ ಇಡಿ. ಕ್ಯಾಮೆರಾದ ಪಕ್ಕ ಪುಟ್ಟ ಟಾರ್ಚ್ ಹಿಡಿದರೆ ಕಣ್ಣಿನಲ್ಲಿ ಒಂದು ಬೆಳಕಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಸತ್ತಂತೆ ಕಾಣುತ್ತದೆ.

ಒಣಗಿದ ಲ್ಯಾಟೆಕ್ಸ್ ಮಂದ, ಒದ್ದೆ ಚರ್ಮ ಹೊಳಪು. ಪ್ರತಿ ಶಾಟ್‌ಗೆ ಮುಂಚೆ ಗ್ಲಿಸರಿನ್ ಮತ್ತು ನೀರು ಸಮಪಾಲು ಬೆರೆಸಿ ಸಿಂಪಡಿಸಿ. 1980ರ ‘ಹ್ಯೂಮನಾಯ್ಡ್ಸ್ ಫ್ರಮ್ ದ ಡೀಪ್’ಗೆ ರಾಬ್ ಬಾಟಿನ್ ಮಾಡಿದ ಸೂಟ್‌ಗಳು ಇಂದಿಗೂ ನಂಬಿಸುವುದಕ್ಕೆ ರಾತ್ರಿ, ಮಂಜು, ಒದ್ದೆಯ ಹೊಳಪು ಮೂರೂ ಕಾರಣ. ಜೊಲ್ಲು, ಲೋಳೆಗೆ ಮಿಥೈಲ್ ಸೆಲ್ಯುಲೋಸ್ ಪುಡಿ ಲೀಟರಿಗೆ 20ರಿಂದ 25 ಗ್ರಾಂ. ಪುಡಿಯನ್ನು ತಣ್ಣೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಮೂರನೇ ಒಂದು ಭಾಗ ನೀರನ್ನು ಕುದಿಯುವ ಹಂತಕ್ಕೆ ತಂದು ಅದರಲ್ಲಿ ಕಲಕಿ, ಉಳಿದ ನೀರನ್ನು ತಣ್ಣಗೆ ಸುರಿಯಿರಿ. ಆರುತ್ತಾ ಹೋದಂತೆ ಲೋಳೆಯಾಗುತ್ತದೆ. ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ ಒಂದು ಲೀಟರ್, ಕೆಂಪು ಆಹಾರ ಬಣ್ಣ, ಗುಲಾಬಿ ಛಾಯೆ ಹೋಗಲು ಸ್ವಲ್ಪ ಹಳದಿ, ಹರಿಯುವಷ್ಟು ನೀರು. ಹಾಲಿವುಡ್ಡಿನ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಪ್ರಸಿದ್ಧ ಮಿಶ್ರಣದಲ್ಲಿ ಕೊಡಕ್ಕಿನ ಫೋಟೋ-ಫ್ಲೋ ಎಂಬ ರಾಸಾಯನಿಕ ಇರುತ್ತಿತ್ತು; ಅದು ವಿಷ, ಇಂಟರ್ನೆಟ್ಟಿನಲ್ಲಿ ಸಿಕ್ಕ ಪಟ್ಟಿ ನೋಡಿ ಬಾಯಿಗೆ ಹಾಕುವ ರಕ್ತಕ್ಕೆ ಸೇರಿಸಬೇಡಿ.

ಸೂಟೇ ಇಲ್ಲದೆ ಗೆದ್ದ ಚಿತ್ರವೂ ಇದೆ. 1958ರ ‘ದ ಬ್ಲಾಬ್’ ಪೆನ್ಸಿಲ್ವೇನಿಯಾದಲ್ಲಿ, ಹಾಲಿವುಡ್ಡಿನಿಂದ ದೂರ, ಇರ್ವಿನ್ ಯೀವರ್ತ್ ತೆಗೆದದ್ದು. ಪ್ರಾಣಿಯೆಂದರೆ ಯೂನಿಯನ್ ಕಾರ್ಬೈಡ್ ಕಂಪನಿಯ ಸಿಲಿಕೋನಿಗೆ ಕೆಂಪು ಬಣ್ಣ ಬೆರೆಸಿದ ಮುದ್ದೆ. ಪುಟ್ಟ ಸೆಟ್ ಮತ್ತು ಕ್ಯಾಮೆರಾವನ್ನು ಒಂದೇ ಹಲಗೆಗೆ ಬಿಗಿದು ಹಲಗೆಯನ್ನು ವಾಲಿಸಿದರೆ ಮುದ್ದೆ ತಾನಾಗಿ ತೆವಳಿದಂತೆ ಕಾಣುತ್ತದೆ. ನಿಮ್ಮ ಕಥೆಯನ್ನು ಬದಲಿಸುವ ಮನಸ್ಸಿದ್ದರೆ ಎಲ್ಲಕ್ಕಿಂತ ಅಗ್ಗದ ದಾರಿ ಇದೇ.

ಪುಟ್ಟ ಮಾದರಿಗಳನ್ನು ಮಾಮೂಲಿ ವೇಗದಲ್ಲಿ ತೆಗೆದರೆ ಆಟಿಕೆಯಂತೆ ಕಾಣುವುದು ಬೀಳುವ ಹೊತ್ತಿನಿಂದ. ಎತ್ತರ ನಾಲ್ಕನೇ ಒಂದಾದರೆ ಬೀಳಲು ಬೇಕಾದ ಸಮಯ ಅರ್ಧವಾಗುತ್ತದೆ. ಹಾಗಾಗಿ ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಿಂದ ಸಿನಿಮಾದ ಮಾಮೂಲಿ ವೇಗವಾದ ಸೆಕೆಂಡಿಗೆ 24 ಫ್ರೇಮನ್ನು ಗುಣಿಸಿ: ನಾಲ್ಕನೇ ಒಂದಕ್ಕೆ ಸೆಕೆಂಡಿಗೆ 48 ಫ್ರೇಮ್, ಒಂಬತ್ತನೇ ಒಂದಕ್ಕೆ 72, ಹದಿನಾರನೇ ಒಂದಕ್ಕೆ 96, ಇಪ್ಪತ್ತೈದನೇ ಒಂದಕ್ಕೆ 120. ಈಗಿನ ಫೋನುಗಳಲ್ಲೇ 120 ಸಿಗುತ್ತದೆ, ಆದರೆ ಐದು ಪಟ್ಟು ಬೆಳಕು ಬೇಕು. ನೀರಿನ ಹನಿ ಮಾತ್ರ ಚಿಕ್ಕದಾಗುವುದಿಲ್ಲ, ಆದ್ದರಿಂದ ನೀರಿರುವ ಮಾದರಿಯನ್ನು ನಾಲ್ಕನೇ ಒಂದಕ್ಕಿಂತ ಕಿರಿದು ಮಾಡಬೇಡಿ. ಇದೇ ಲೆಕ್ಕ ಸೂಟಿಗೂ ಹೊಂದುತ್ತದೆ. ಐದೂವರೆ ಅಡಿಯ ನಟ ಏಳಡಿಯ ಪ್ರಾಣಿಯಾಗಬೇಕಾದರೆ 27 ಫ್ರೇಮ್ ಬರುತ್ತದೆ. 30ರಲ್ಲಿ ತೆಗೆದು 24ರಲ್ಲಿ ಓಡಿಸಿ, ನಡಿಗೆಗೆ ತೂಕ ಬರುತ್ತದೆ. ವೇಗ ತಗ್ಗಿಸಿದರೆ ಎಲ್ಲವೂ ಭಯಂಕರವಾಗುತ್ತದೆ ಎಂದೇನೂ ಇಲ್ಲ. ದೈತ್ಯ ಮೊಲಗಳ ಕಥೆಯ 1972ರ ‘ನೈಟ್ ಆಫ್ ದ ಲೆಪಸ್’ನಲ್ಲಿ ಪುಟ್ಟ ಸೆಟ್ಟಿನ ಮೇಲೆ ಮೊಲಗಳನ್ನು ನಿಧಾನಗತಿಯಲ್ಲಿ ಓಡಿಸಿದರೂ ಅವು ಮೊಲಗಳಾಗಿಯೇ ಉಳಿದವು.

ರಾತ್ರಿ ದೃಶ್ಯಕ್ಕೆ ಜನರೇಟರ್ ತರಲು ಆಗದಿದ್ದರೆ ಸಂಜೆ ನಾಲ್ಕರ ನಂತರ ಸೂರ್ಯನನ್ನು ಪ್ರಾಣಿಯ ಬೆನ್ನಿಗೆ ಇಟ್ಟು, ಆಕಾಶ ಫ್ರೇಮಿನೊಳಗೆ ಬಾರದಂತೆ, ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ (ಕ್ಯಾಮೆರಾಗೆ ಸೇರುವ ಬೆಳಕನ್ನು ನಾಲ್ಕನೇ ಒಂದಕ್ಕೆ ತಂದು), ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಹೊಂದಿಕೆ) 3200 ಕೆಲ್ವಿನ್‌ಗೆ ಇಟ್ಟು ತೆಗೆಯಿರಿ. ನೀರಿನ ಮಿಂಚು ಬೆಳದಿಂಗಳಾಗುತ್ತದೆ, ಸೂಟಿನ ಅಂಚು ಮಾತ್ರ ಹೊಳೆಯುತ್ತದೆ. ಎದುರಿನಿಂದ ಬೆಳಕು ಹಾಕಿದರೆ ಬ್ರಷ್ಷಿನ ಗುರುತು, ಜಿಪ್ಪು ಎಲ್ಲವೂ ಕಾಣುತ್ತವೆ. ಒಣ ನೆಲದ ದೃಶ್ಯಗಳನ್ನು ಮೊದಲು ಮುಗಿಸಿ, ನೀರಿನವು ಕೊನೆಗೆ. ಒಮ್ಮೆ ನೆನೆದ ಸೂಟ್ ಮರುದಿನಕ್ಕೆ ಒಣಗುವುದಿಲ್ಲ.

ಸೂಟ್ ಒಳಗಿನ ಬೆವರು ಆರುವುದಿಲ್ಲ, ಮೈ ಬಿಸಿ ಹೊರಹೋಗಲು ದಾರಿಯಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ತೆಗೆಯಲೇಬೇಕು. ಬೆನ್ನಿನ ಜಿಪ್ಪನ್ನು ಒಳಗಿನವರು ತೆಗೆಯಲಾರರು, ಹಾಗಾಗಿ ಒಬ್ಬ ಸಹಾಯಕ ಬೇರಾವ ಕೆಲಸವೂ ಇಲ್ಲದೆ, ಜೇಬಿನಲ್ಲಿ ಕತ್ತರಿ ಇಟ್ಟುಕೊಂಡು, ಕೈಗೆಟಕುವ ದೂರದಲ್ಲೇ ಇರಲಿ. ಮಾತು ಕೇಳಿಸದಿದ್ದಾಗ ಎರಡೂ ಕೈ ತಲೆ ಮೇಲೆ ಇಟ್ಟರೆ ‘ಸಾಕು’ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಈ ಪರಂಪರೆಯಿಂದ ತೆಗೆದುಕೊಳ್ಳಬಾರದ ಸಂಗತಿಯೂ ಒಂದಿದೆ. ಮೇಲೆ ಹೇಳಿದ ‘ಹ್ಯೂಮನಾಯ್ಡ್ಸ್’ ಚಿತ್ರಕ್ಕೆ ನಿರ್ದೇಶಕಿ ಬಾರ್ಬರಾ ಪೀಟರ್ಸ್ ಚಿತ್ರೀಕರಣ ಮುಗಿಸಿದ ಮೇಲೆ, ನಿರ್ಮಾಣ ಸಂಸ್ಥೆ ಇನ್ನೊಬ್ಬರಿಂದ ಲೈಂಗಿಕ ಹಿಂಸೆಯ ದೃಶ್ಯಗಳನ್ನು ತೆಗೆಸಿ ಸೇರಿಸಿತು. ನಾಯಕಿ ಆನ್ ಟರ್ಕೆಲ್ ಬಹಿರಂಗವಾಗಿಯೇ ಅದನ್ನು ಖಂಡಿಸಿದರು. ಆ ದೃಶ್ಯಗಳಿಂದ ಚಿತ್ರ ಹೆಚ್ಚು ಭಯಂಕರವೂ ಆಗಲಿಲ್ಲ. ಬಾಟಿನ್ ಅವರ ಸೂಟ್‌ಗಳು ಮಾಡಿದ ಕೆಲಸವನ್ನು ಅವು ಕೆಡಿಸಿದವು. ನಟರಿಗೆ ಮೊದಲೇ ಓದಿಸಿದ ಕಥೆಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಬೇಡಿ.

ಧ್ವನಿಯ ಬಗ್ಗೆ ಎರಡೇ ಮಾತು. ಪ್ರಾಣಿ ಕಾಣುವ ಮೊದಲೇ ಅದರ ಸದ್ದು ಎರಡು ಸಲ ಕೇಳಿಸಿರಲಿ. ಎಮ್ಮೆ, ಹಂದಿಯ ಉಸಿರಾಟವನ್ನು ಧ್ವನಿಮುದ್ರಿಸಿ ಅರ್ಧ ವೇಗಕ್ಕೆ ಇಳಿಸಿದರೆ ಸಾಕು. ಸಿದ್ಧ ಗರ್ಜನೆಗಳನ್ನು ನೋಡುಗರು ಹತ್ತಾರು ಚಿತ್ರಗಳಲ್ಲಿ ಕೇಳಿರುತ್ತಾರೆ.

ಈ ವಾರ ಪೂರ್ತಿ ಸೂಟಿಗೆ ಕೈ ಹಾಕಬೇಡಿ. ಅರ್ಧ ಹಾಳೆ ಫೋಮ್, ಅರ್ಧ ಲೀಟರ್ ಲ್ಯಾಟೆಕ್ಸ್ ತಂದು ಬಲಗೈ ಒಂದನ್ನು ಮೊಣಕೈವರೆಗೆ ಮಾಡಿ. ಸಂಜೆ ಕೆರೆ ದಂಡೆಯ ಜೊಂಡಿನ ನಡುವೆ, ಹಿಂದಿನಿಂದ ಬೆಳಕಿಟ್ಟು, ಗ್ಲಿಸರಿನ್ ಸಿಂಪಡಿಸಿ, ಹತ್ತು ಬೇರೆ ಬೇರೆ ಶಾಟ್ ತೆಗೆದು ಜೋಡಿಸಿ. ಚಿತ್ರತಂಡದ ಹೊರಗಿನ ಒಬ್ಬರಿಗೆ ಏನೂ ಹೇಳದೆ ತೋರಿಸಿ. ಅವರು ಕೈಯನ್ನು ಯಾವುದರಿಂದ ಮಾಡಿದಿರಿ ಎಂದು ಮೊದಲು ಕೇಳಿದರೆ ಬೆಳಕು ಮತ್ತು ಶಾಟ್‌ನ ಉದ್ದವನ್ನು ತಿದ್ದಿ ಇನ್ನೊಮ್ಮೆ ತೆಗೆಯಿರಿ. ಉಳಿದ ದೇಹ ಹೇಗಿರುತ್ತದೆ ಎಂದು ಕೇಳಿದರೆ ತಲೆ ಮಾಡಲು ಶುರುಮಾಡಿ.